ದೇಹದ ಕಾವಲುಗಾರರನ್ನು ಕಂಡ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್

ನಾನು ಪಾಠ ಮಾಡುವ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬ್ರಷ್ ತಾಗಿದರೆ ಒಸಡಿನಿಂದ ರಕ್ತ ಬರುತ್ತದೆ ಎಂದು ಹೆದರಿ ಹಲ್ಲುಜ್ಜುವುದನ್ನೇ ಬಿಟ್ಟಿದ್ದ. ರಕ್ತ ಬರುವ ಜಾಗವನ್ನು ಮುಟ್ಟಬಾರದು ಎಂದು ಮನೆಯಲ್ಲಿ ಹಿರಿಯರೂ ಹೇಳಿದ್ದರಂತೆ. ಕೇಳಿದರೆ ಸರಿಯೆಂದೇ ತೋರುವ ಮಾತು. ಆದರೆ ಬಿಟ್ಟಷ್ಟೂ ರಕ್ತ ಹೆಚ್ಚಾಗುತ್ತಿತ್ತು, ಒಸಡು ಊದಿಕೊಳ್ಳುತ್ತಿತ್ತು. ಅವನಿಗೆ ಅರ್ಥವಾಗುವಂತೆ ಕಾರಣ ಹೇಳಬೇಕೆಂದು ನಾನು ಪುಸ್ತಕಗಳನ್ನು ಹುಡುಕುತ್ತಾ ಹೋದಾಗ ಸಿಕ್ಕವರು ಹಲ್ಲಿನ ವೈದ್ಯರಲ್ಲ, ವೈದ್ಯರೇ ಅಲ್ಲದ ಒಬ್ಬ ಪ್ರಾಣಿಶಾಸ್ತ್ರಜ್ಞರು. ಅವರೇ ಇಲ್ಯಾ ಮೆಚ್ನಿಕಾಫ್. ಗಾಯವಾದಲ್ಲಿ ಕೆಂಪಾಗುವುದು, ಊದುವುದು, ಕೀವು ತುಂಬುವುದು ಇವೆಲ್ಲ ಬರೀ ರೋಗವಲ್ಲ, ದೇಹವು ರೋಗದೊಡನೆ ನಡೆಸುವ ಹೋರಾಟ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಅವರು. ನಮ್ಮ ವಿದ್ಯಾರ್ಥಿಗಳು ವಿಜ್ಞಾನ ಪುಸ್ತಕದಲ್ಲಿ ಬಿಳಿ ರಕ್ತಕಣಗಳು ಎಂದೂ, ಉರ್ದು ಮಾಧ್ಯಮದವರು ಖೂನ್ ಕೆ ಸಫೇದ್ ಖಲಿಯೆ ಎಂದೂ ಓದಿ ಪರೀಕ್ಷೆಯಲ್ಲಿ ಎರಡು ಅಂಕ ಪಡೆಯುವ ವಿಷಯದ ಹಿಂದೆ ಇವರ ಇಡೀ ಬದುಕಿದೆ.

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕೋವ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಅದು ಆಗ ರಷ್ಯಾ ಸಾಮ್ರಾಜ್ಯದ ಭಾಗವಾಗಿತ್ತು, ಇಂದು ಉಕ್ರೇನ್ ದೇಶದಲ್ಲಿದೆ. ತಂದೆ ಸೇನೆಯಲ್ಲಿ ಅಧಿಕಾರಿಯಾಗಿದ್ದವರು. ತಾಯಿ ಯಹೂದಿ ಲೇಖಕರೊಬ್ಬರ ಮಗಳು. ಐದು ಮಕ್ಕಳಲ್ಲಿ ಇಲ್ಯಾ ಕಿರಿಯವರು. ಚಿಕ್ಕಂದಿನಿಂದಲೇ ಗಿಡ, ಹುಳುಹುಪ್ಪಟೆ ಎಂದರೆ ಪ್ರಾಣ. ಖಾರ್ಕೋವ್ ವಿಶ್ವವಿದ್ಯಾಲಯಕ್ಕೆ ಸೇರಿ ನಾಲ್ಕು ವರ್ಷದ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಆಮೇಲೆ ಜರ್ಮನಿ, ಇಟಲಿಗಳಲ್ಲಿ ಸುತ್ತಿ ಸಮುದ್ರದ ಸಣ್ಣ ಜೀವಿಗಳ ಬೆಳವಣಿಗೆಯನ್ನು ಅಭ್ಯಾಸ ಮಾಡಿದರು. ಗೆಳೆಯ ಕೊವಲೆವ್‌ಸ್ಕಿಯವರೊಡನೆ ಒಂದು ದೊಡ್ಡ ಬಹುಮಾನವನ್ನೂ ಹಂಚಿಕೊಂಡರು. 1870ರಲ್ಲಿ, ಇನ್ನೂ ಇಪ್ಪತ್ತೈದರ ವಯಸ್ಸಿನಲ್ಲಿ, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ ಪ್ರಾಧ್ಯಾಪಕರಾದರು.

ಹೊರಗಿನಿಂದ ನೋಡಿದವರಿಗೆ ಇದು ಅದೃಷ್ಟವಂತರ ಬದುಕು. ಒಳಗೆ ಹಾಗಿರಲಿಲ್ಲ. 1869ರಲ್ಲಿ ಅವರು ಲುಡ್ಮಿಲಾ ಎಂಬ ಯುವತಿಯನ್ನು ಮದುವೆಯಾದರು. ಆಕೆ ಎಷ್ಟು ಅಶಕ್ತರಾಗಿದ್ದರೆಂದರೆ ಮದುವೆಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಬೇಕಾಯಿತು. ಅದು ಕ್ಷಯರೋಗ. ಆಗ ಅದಕ್ಕೆ ಔಷಧವಿರಲಿಲ್ಲ, ಅದಕ್ಕೆ ಕಾರಣವಾದ ರೋಗಾಣುವನ್ನೂ ಯಾರೂ ಕಂಡಿರಲಿಲ್ಲ. ಹವೆ ಬದಲಾದರೆ ಗುಣವಾದೀತೆಂದು ಊರಿಂದೂರಿಗೆ ಅಲೆದರು. ಖರ್ಚಿಗೆಂದು ರಾತ್ರಿಯೆಲ್ಲ ಅನುವಾದ ಮಾಡಿ ಕಣ್ಣು ಕೆಡಿಸಿಕೊಂಡರು. 1873ರ ಏಪ್ರಿಲ್‌ನಲ್ಲಿ ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿ ಲುಡ್ಮಿಲಾ ತೀರಿಕೊಂಡರು. ಪತ್ನಿಯಿಲ್ಲ, ಕಣ್ಣುಗಳು ಕೈಕೊಟ್ಟಿದ್ದರಿಂದ ಸೂಕ್ಷ್ಮದರ್ಶಕದ ಕೆಲಸವೂ ಇಲ್ಲ. ಮರಳುವ ದಾರಿಯಲ್ಲಿ ಮೆಚ್ನಿಕಾಫ್ ಜೀವ ಕಳೆದುಕೊಳ್ಳಲು ಯತ್ನಿಸಿದರು, ಆದರೆ ಬದುಕುಳಿದರು. ಅದೇ ದಿನಗಳಲ್ಲಿ ಜಿನೀವಾದ ಸೇತುವೆಯೊಂದರ ಬಳಿ ದೀಪದ ಸುತ್ತ ಹಾರುತ್ತಿದ್ದ ಹುಳುಗಳು ಅವರ ಕಣ್ಣಿಗೆ ಬಿದ್ದವು. ಕೆಲವೇ ಗಂಟೆ ಬದುಕುವ ಹುಳುಗಳು ಅವು ಎಂದು ಭಾವಿಸಿದ ಅವರಿಗೆ ಒಂದು ಪ್ರಶ್ನೆ ಹುಟ್ಟಿತು. ಇಷ್ಟು ಅಲ್ಪಾಯುಷಿ ಜೀವಿಗೆ ಡಾರ್ವಿನ್ನರ ಆಯ್ಕೆಯ ನಿಯಮ ಹೇಗೆ ಅನ್ವಯಿಸುತ್ತದೆ? ಹುಳುವನ್ನು ಗುರುತಿಸಿದ್ದು ತಪ್ಪಾಗಿತ್ತೆಂದು ಮುಂದೆ ತಿಳಿಯಿತು. ಆದರೆ ಆ ತಪ್ಪು ಗುರುತಿನ ಹುಳುವಿನ ಪ್ರಶ್ನೆಯೇ ಅವರನ್ನು ಮತ್ತೆ ಬದುಕಿಗೂ ವಿಜ್ಞಾನಕ್ಕೂ ಎಳೆದು ತಂದಿತು.

1875ರಲ್ಲಿ ಓಲ್ಗಾ ಎಂಬ ವಿದ್ಯಾರ್ಥಿನಿಯೊಡನೆ ಎರಡನೇ ಮದುವೆಯಾಯಿತು. ಓಲ್ಗಾ ಅವರು ಮುಂದೆ ಪ್ರಯೋಗಾಲಯದಲ್ಲಿ ಪತಿಗೆ ನೆರವಾದರು, ಅವರ ಮರಣಾನಂತರ ಅವರ ಜೀವನ ಚರಿತ್ರೆಯನ್ನೂ ಬರೆದರು. ನಮಗೆ ಇಂದು ಮೆಚ್ನಿಕಾಫರ ಮನೆಯೊಳಗಿನ ವಿಷಯಗಳು ಗೊತ್ತಿರುವುದು ಬಹುಮಟ್ಟಿಗೆ ಆ ಪುಸ್ತಕದಿಂದಲೇ. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಕೊಲೆಯಾದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಸರ್ಕಾರದ ಹಿಡಿತ ಬಿಗಿಯಾಯಿತು. ಬೇಸತ್ತ ಮೆಚ್ನಿಕಾಫ್ 1882ರಲ್ಲಿ ಪ್ರಾಧ್ಯಾಪಕ ಹುದ್ದೆಗೆ ರಾಜೀನಾಮೆ ಕೊಟ್ಟು, ಓಲ್ಗಾ ಮತ್ತು ಆಕೆಯ ತಮ್ಮ-ತಂಗಿಯರೊಡನೆ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಹೋದರು. ಸಮುದ್ರದ ಪಕ್ಕದಲ್ಲೇ ಮನೆ. ಬೈಠಕ್‌ಖಾನೆಯೇ ಪ್ರಯೋಗಾಲಯ.

ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನಲ್ಲಿ ಮಂಗಗಳ ಆಟ ನೋಡಲು ಹೋಗಿದ್ದರು. ಮೆಚ್ನಿಕಾಫ್ ಒಬ್ಬರೇ ಕುಳಿತು ನಕ್ಷತ್ರ ಮೀನಿನ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಈ ಮರಿಗಳ ಮೈ ಗಾಜಿನಂತೆ ಪಾರದರ್ಶಕ, ಕೊಯ್ಯದೆಯೇ ಒಳಗಿನದೆಲ್ಲ ಕಾಣುತ್ತದೆ. ಅವುಗಳ ಮೈಯೊಳಗೆ ಕೆಲವು ಜೀವಕೋಶಗಳು ತಾವೇ ತಾವಾಗಿ ಅತ್ತಿತ್ತ ಸಂಚರಿಸುತ್ತಿದ್ದವು. ಈ ಕೋಶಗಳು ಆಹಾರದ ಕಣಗಳನ್ನು ನುಂಗುವುದನ್ನು ಅವರು ಮೊದಲೇ ಕಂಡಿದ್ದರು. ಆ ಹೊತ್ತಿನಲ್ಲಿ ಹೊಳೆದದ್ದು ಹೊಸ ವಿಚಾರ. ಆಹಾರವನ್ನು ನುಂಗುವ ಕೋಶ ಹೊರಗಿನಿಂದ ನುಗ್ಗಿದ ಶತ್ರುವನ್ನೂ ನುಂಗಬಾರದೇಕೆ? ಹಾಗಿದ್ದರೆ, ಮೈಯಲ್ಲಿ ಮುಳ್ಳು ಚುಚ್ಚಿದರೆ ಈ ಕೋಶಗಳು ಅದರ ಸುತ್ತ ನೆರೆಯಬೇಕು. ನಮ್ಮ ಬೆರಳಿಗೆ ಸಿಬಿರು ಚುಚ್ಚಿದಾಗ ಕೀವು ಕಟ್ಟುವಂತೆ. ಅವರು ಕೋಣೆಯಲ್ಲಿ ಶತಪಥ ತಿರುಗಿದರು, ಸಮುದ್ರ ದಡಕ್ಕೂ ಹೋಗಿ ಬಂದರು. ಮನೆಯ ಅಂಗಳದಲ್ಲಿ ಮಕ್ಕಳ ಕ್ರಿಸ್‌ಮಸ್ ಹಬ್ಬಕ್ಕೆ ಸಿಂಗರಿಸಿದ್ದ ಕಿತ್ತಳೆ ಜಾತಿಯ ಗಿಡವೊಂದಿತ್ತು. ಅಲ್ಲಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಚರ್ಮದಡಿ ಚುಚ್ಚಿದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುವ ಮೊದಲೇ ಎದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಗೆ ಹಾಕಿದ್ದವು. ನಕ್ಷತ್ರ ಮೀನಿನ ಮರಿಗೆ ರಕ್ತನಾಳಗಳಿಲ್ಲ, ಆದ್ದರಿಂದ ರಕ್ತದ ಜೊತೆ ಅವು ಸುಮ್ಮನೆ ಹರಿದು ಬಂದವು ಎಂದು ಯಾರೂ ಹೇಳುವಂತಿರಲಿಲ್ಲ. ಅವು ತಾವೇ ನಡೆದು ಬಂದಿದ್ದವು.

ಈ ಪ್ರಯೋಗಕ್ಕೆ ಆದ ಖರ್ಚು ಒಂದು ಮುಳ್ಳು. ನಮ್ಮ ಶಾಲೆಗಳಲ್ಲಿ ಉಪಕರಣವಿಲ್ಲ ಎಂದು ಪ್ರಯೋಗವನ್ನೇ ಬಿಡುವ ನಾವು, ನಾನೂ ಸೇರಿದಂತೆ, ಇದನ್ನು ಓದಿ ಸ್ವಲ್ಪ ನಾಚಿಕೊಳ್ಳಬೇಕು.

ಆಗಿನ ವೈದ್ಯರು ಏನೆಂದು ನಂಬಿದ್ದರು ಎಂಬುದು ತಿಳಿದರೆ ಮಾತ್ರ ಈ ಶೋಧದ ಬೆಲೆ ಗೊತ್ತಾಗುತ್ತದೆ. ಬಿಳಿ ರಕ್ತಕಣದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಇತರರೂ ಕಂಡಿದ್ದರು. ಆದರೆ ರೋಗಾಣುಗಳೇ ಕಣದೊಳಗೆ ಹೊಕ್ಕು ಅದನ್ನು ಗಾಡಿಯಂತೆ ಬಳಸಿ ಮೈಯೆಲ್ಲ ಹರಡುತ್ತವೆ ಎಂದು ಹಲವರು ತಿಳಿದಿದ್ದರು. ಕಾವಲುಗಾರನನ್ನೇ ಕಳ್ಳನ ಸಂಗಾತಿ ಎಂದು ಹಿಡಿದಂತಾಗಿತ್ತು. ಮೆಸ್ಸಿನಾಕ್ಕೆ ಬಂದಿದ್ದ ಜರ್ಮನಿಯ ಮಹಾನ್ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೋ ಇವರ ಪ್ರಯೋಗಗಳನ್ನು ನೋಡಿ ಮೆಚ್ಚಿದರು, ಜೊತೆಗೆ ಎಚ್ಚರಿಕೆಯಿಂದ ಮುಂದುವರಿಯಲು ಹೇಳಿದರು. 1883ರಲ್ಲಿ ವಿಯೆನ್ನಾದಲ್ಲಿ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಕ್ಲೌಸ್ ಈ ಕೋಶಗಳಿಗೆ ಗ್ರೀಕ್ ಮೂಲದ ಫೇಗೊಸೈಟ್ ಎಂಬ ಹೆಸರನ್ನು ಸೂಚಿಸಿದರು. ಕನ್ನಡದಲ್ಲಿ ಭಕ್ಷಕ ಕೋಶ ಎನ್ನುತ್ತೇವೆ. ಮರುವರ್ಷ ಮೆಚ್ನಿಕಾಫ್ ನೀರಿನ ಚಿಗಟ ಎನ್ನುವ ಅತಿ ಸಣ್ಣ ಜೀವಿಯಲ್ಲಿ ಈ ಹೋರಾಟವನ್ನು ಕಣ್ಣಾರೆ ಕಂಡರು. ಸೂಜಿಯಂತಹ ಶಿಲೀಂಧ್ರ ಬೀಜಗಳು ಅದರ ಮೈಗೆ ಹೊಕ್ಕಾಗ ಭಕ್ಷಕ ಕೋಶಗಳು ಅವುಗಳನ್ನು ನುಂಗಿ ಕರಗಿಸುತ್ತಿದ್ದವು. ಕೋಶಗಳು ಗೆದ್ದರೆ ಚಿಗಟ ಬದುಕುತ್ತಿತ್ತು, ಸೋತರೆ ಸಾಯುತ್ತಿತ್ತು.

1886ರಲ್ಲಿ ಒಡೆಸ್ಸಾದಲ್ಲಿ ಹುಚ್ಚುನಾಯಿ ಕಡಿತಕ್ಕೆ ಪಾಶ್ಚರರ ಲಸಿಕೆ ಕೊಡುವ ಸಂಸ್ಥೆ ತೆರೆದಾಗ ಮೆಚ್ನಿಕಾಫ್ ಅದರ ಮುಖ್ಯಸ್ಥರಾದರು. ಅದು ಸುಖದ ಕಾಲವಲ್ಲ. ಅವರು ವೈದ್ಯರಲ್ಲ ಎಂಬ ಕಾರಣಕ್ಕೆ ಊರಿನ ವೈದ್ಯರು ಅಸಡ್ಡೆ ಮಾಡಿದರು. ಅವರು ಊರಿನಲ್ಲಿಲ್ಲದಾಗ ಸಂಸ್ಥೆಯವರು ಹಾಕಿದ ನೆರಡಿ ರೋಗದ ಲಸಿಕೆಯಿಂದ ಸಾವಿರಾರು ಕುರಿಗಳು ಸತ್ತವು. ಬರ್ಲಿನ್‌ಗೆ ಹೋಗಿ ರಾಬರ್ಟ್ ಕಾಕ್ ಅವರಿಗೆ ತಮ್ಮ ಕೆಲಸ ತೋರಿಸಿದರೆ ಅಲ್ಲಿಯೂ ತಣ್ಣನೆಯ ಸ್ವಾಗತ. ಕೊನೆಗೆ ಕೈಹಿಡಿದವರು ಪ್ಯಾರಿಸ್ಸಿನ ಲೂಯಿ ಪಾಶ್ಚರ್. 1888ರಲ್ಲಿ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೊಂದು ಪ್ರಯೋಗಾಲಯ ದೊರೆಯಿತು. ಸಾಯುವ ತನಕ, ಇಪ್ಪತ್ತೆಂಟು ವರ್ಷ, ಅವರು ಅಲ್ಲಿಯೇ ದುಡಿದರು.

ಈ ಒಡೆಸ್ಸಾ ಮತ್ತು ಪ್ಯಾರಿಸ್ ದಿನಗಳಿಗೆ ನಮ್ಮ ನಾಡಿನೊಂದಿಗೂ ಒಂದು ಎಳೆಯಿದೆ. ಒಡೆಸ್ಸಾದಲ್ಲಿ ಮೆಚ್ನಿಕಾಫರ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್ಕಿನ್ ಗುರುಗಳ ಹಿಂದೆಯೇ ಪ್ಯಾರಿಸ್‌ಗೆ ಬಂದು ಮೊದಲು ಗ್ರಂಥಾಲಯದಲ್ಲಿ ಕೆಲಸ ಹಿಡಿದರು. 1893ರಲ್ಲಿ ಕಾಲರಾ ಲಸಿಕೆಯೊಂದಿಗೆ ಭಾರತಕ್ಕೆ ಬಂದರು. 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತಾವು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಜನ ಸೂಜಿಗೆ ಹೆದರಿ ಓಡುತ್ತಿದ್ದ ಕಾಲದಲ್ಲಿ ಮೂರನೇ ಆಗಾ ಖಾನ್ ಅವರು ತಮ್ಮ ಸಮುದಾಯದವರ ಎದುರಿನಲ್ಲೇ ಲಸಿಕೆ ಹಾಕಿಸಿಕೊಂಡು ಧೈರ್ಯ ತುಂಬಿದರು, ಹಾಫ್ಕಿನ್ನರ ಕೆಲಸಕ್ಕೆ ಕಟ್ಟಡವನ್ನೂ ಕೊಟ್ಟರು. 1898ರಲ್ಲಿ ಪ್ಲೇಗ್ ಹುಬ್ಬಳ್ಳಿಗೆ ಬಂದಾಗ ಅಲ್ಲಿಯೂ ಈ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು.

ಪ್ಯಾರಿಸ್ಸಿನಲ್ಲಿ ಮೆಚ್ನಿಕಾಫರಿಗೆ ಜಾಗ ಸಿಕ್ಕಿತೇ ಹೊರತು ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. 1890ರಲ್ಲಿ ಬರ್ಲಿನ್‌ನ ಬೆರಿಂಗ್ ಮತ್ತು ಕಿಟಸಾಟೊ ಅವರು ಧನುರ್ವಾಯು, ಗಂಟಲಮಾರಿಗಳ ವಿಷವನ್ನು ತಡೆಯುವ ಶಕ್ತಿ ರಕ್ತದ ಕೋಶಗಳಲ್ಲಲ್ಲ, ತಿಳಿಯಾದ ಸೀರಂನಲ್ಲೇ ಇದೆ ಎಂದು ತೋರಿಸಿದರು. ಅಲ್ಲಿಂದ ಎರಡು ಪಕ್ಷಗಳಾದವು. ರೋಗ ತಡೆಯುವುದು ಕೋಶವೋ, ರಸವೋ? ಸಮ್ಮೇಳನಗಳಲ್ಲಿ ಮೆಚ್ನಿಕಾಫ್ ತಲೆಗೂದಲು ಕೆದರಿಕೊಂಡು ಆವೇಶದಿಂದ ವಾದಿಸುತ್ತಿದ್ದರು. ಪ್ರತಿಯೊಂದು ಆಕ್ಷೇಪಕ್ಕೂ ಹೊಸ ಪ್ರಯೋಗ ಮಾಡಿ ಉತ್ತರ ಕೊಡುತ್ತಿದ್ದರು. 1903ರಲ್ಲಿ ಲಂಡನ್ನಿನ ಆಲ್ಮ್ರಾತ್ ರೈಟ್ ಅವರು ಸೀರಂನಲ್ಲಿರುವ ಕೆಲವು ವಸ್ತುಗಳು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು, ಅವುಗಳನ್ನು ಭಕ್ಷಕ ಕೋಶಗಳು ಸುಲಭವಾಗಿ ನುಂಗುವಂತೆ ಮಾಡುತ್ತವೆ ಎಂದು ಕಂಡುಕೊಂಡರು. ಎರಡೂ ಪಕ್ಷಗಳು ಒಂದೇ ಸತ್ಯದ ಎರಡು ಬದಿಗಳನ್ನು ಹಿಡಿದು ಜಗಳವಾಡುತ್ತಿದ್ದವು. 1908ರ ನೊಬೆಲ್ ಪ್ರಶಸ್ತಿಯನ್ನು ಕೋಶ ಪಕ್ಷದ ಮೆಚ್ನಿಕಾಫರಿಗೂ ರಸ ಪಕ್ಷದ ಪೌಲ್ ಎರ್ಲಿಖ್ ಅವರಿಗೂ ಹಂಚಿ ಕೊಡಲಾಯಿತು. ಅದೇ ತಿಂಗಳ 28ರಂದು ಭೂಕಂಪದಿಂದ ಮೆಸ್ಸಿನಾ ನಗರ ನೆಲಸಮವಾಯಿತು.

ಈಗ ನನ್ನ ವಿದ್ಯಾರ್ಥಿಯ ಒಸಡಿಗೆ ಬರೋಣ. ಬಾಯಿಯ ಬ್ಯಾಕ್ಟೀರಿಯಾಗಳು ಹೊಸ ಸುದ್ದಿಯಲ್ಲ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ 1683ರಲ್ಲಿಯೇ ತಮ್ಮ ಹಲ್ಲಿನ ಮೇಲಿನ ಬಿಳಿ ಕೊಳೆಯನ್ನು ಕೆರೆದು ತಾವೇ ಮಾಡಿದ ಮಸೂರದಲ್ಲಿ ನೋಡಿ, ಅದರಲ್ಲಿ ಸಣ್ಣ ಜೀವಿಗಳು ಚಲಿಸುವುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದರು. ಮನುಷ್ಯರ ಬಾಯಿಗಳಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಇದುವರೆಗೆ ಗುರುತಿಸಲಾಗಿದೆ. ಹೆಚ್ಚಿನವು ನಿರುಪದ್ರವಿಗಳು. ಹಲ್ಲು ಮತ್ತು ಒಸಡು ಸೇರುವಲ್ಲಿ ಒಂದು ಕಿರಿದಾದ ಸಂದು ಇದೆ. ಮೈಯ ಬೇರೆಡೆ ಚರ್ಮ ಒಂದೇ ಹೊದಿಕೆಯಾಗಿ ಮುಚ್ಚಿರುತ್ತದೆ, ಇಲ್ಲಿ ಮಾತ್ರ ಗಟ್ಟಿಯಾದ ಹಲ್ಲು ಆ ಹೊದಿಕೆಯನ್ನು ಸೀಳಿ ಹೊರಬಂದಿದೆ. ಕೋಟೆಯ ಗೋಡೆಯಲ್ಲಿ ಬಿಟ್ಟ ಕಿಂಡಿಯಂತೆ ಈ ಸಂದು. ಆದ್ದರಿಂದಲೇ ಅಲ್ಲಿ ಕಾವಲು ಎಂದೂ ನಿಲ್ಲುವುದಿಲ್ಲ. ಆರೋಗ್ಯವಂತರ ಒಸಡಿನ ಸಂದಿನಿಂದಲೂ ನಿಮಿಷಕ್ಕೆ ಸಾವಿರಾರು ಬಿಳಿ ರಕ್ತಕಣಗಳು ಬಾಯಿಗೆ ಇಳಿಯುತ್ತಿರುತ್ತವೆ. ಅವುಗಳಲ್ಲಿ ಬಹುಪಾಲು ಮೆಚ್ನಿಕಾಫ್ ಸಣ್ಣ ಭಕ್ಷಕಗಳೆಂದು ಕರೆದ ನ್ಯೂಟ್ರೋಫಿಲ್‌ಗಳು. ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ.

ಹಲ್ಲುಜ್ಜದೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಹಲ್ಲಿನ ಬುಡದಲ್ಲಿ ಪದರ ಪದರವಾಗಿ ಪಾಚಿಯಂತೆ ಕಟ್ಟಿಕೊಳ್ಳುತ್ತವೆ. ಅವು ಹೊರಬಿಡುವ ವಸ್ತುಗಳು ಒಸಡಿನ ಕೋಶಗಳಿಗೆ ಅಪಾಯದ ಸೂಚನೆ ಕೊಡುತ್ತವೆ. ಒಸಡಿನ ಕೋಶಗಳು ರಾಸಾಯನಿಕ ಸಂದೇಶ ಕಳಿಸುತ್ತವೆ. ಹತ್ತಿರದ ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಒಳಗೋಡೆ ಅಂಟಂಟಾಗುತ್ತದೆ. ಹರಿದು ಹೋಗುತ್ತಿದ್ದ ನ್ಯೂಟ್ರೋಫಿಲ್‌ಗಳು ಅಲ್ಲಿ ಉರುಳುತ್ತಾ ನಿಂತು, ಗೋಡೆಯ ಸಂದಿನಲ್ಲಿ ನುಸುಳಿ, ಸಂದೇಶದ ಜಾಡು ಹಿಡಿದು ಶತ್ರುವಿನ ಕಡೆ ತೆವಳುತ್ತವೆ. ಸಿಕ್ಕ ಬ್ಯಾಕ್ಟೀರಿಯಾವನ್ನು ನುಂಗಿ ಒಳಗೆ ಕೊಲ್ಲುತ್ತವೆ. ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಹೊರಗೆಸೆದು ಶತ್ರುವನ್ನು ಹಿಡಿಯುವ ಇನ್ನೊಂದು ವಿದ್ಯೆಯೂ ಅವಕ್ಕಿದೆ ಎಂಬುದು 2004ರಲ್ಲಷ್ಟೇ ತಿಳಿಯಿತು. ಒಸಡು ಕೆಂಪಾಗಿ ಊದುವುದು, ಮುಟ್ಟಿದರೆ ರಕ್ತ ಬರುವುದು ಹಿಗ್ಗಿದ ಈ ರಕ್ತನಾಳಗಳಿಂದ. ಅಂದರೆ ರಕ್ತ ತರಿಸುತ್ತಿರುವುದು ಬ್ರಷ್ ಅಲ್ಲ, ಬುಡದಲ್ಲಿ ಕೂತ ಪಾಚಿ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರಿಗೂ ಒಸಡಿನ ಉರಿಯೂತ ಬಂತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ವಾಸಿಯಾಯಿತು. ಬ್ರಷ್ ಆಗಲಿ, ಮಿಸ್ವಾಕ್ ಆಗಲಿ, ಬೇವಿನ ಕಡ್ಡಿಯಾಗಲಿ, ಹಲ್ಲಿನ ಬುಡದ ಪಾಚಿ ಹೋಗಬೇಕು. ಗಟ್ಟಿಯಾಗಿ ಕಲ್ಲಾದ ಪಾಚಿಯನ್ನು ಮಾತ್ರ ದಂತವೈದ್ಯರೇ ತೆಗೆಯಬೇಕು.

ಆದರೆ ಈ ಹೋರಾಟಕ್ಕೆ ಇನ್ನೊಂದು ಮುಖವಿದೆ. ಹಲ್ಲಿಗೆ ಅಂಟಿದ ಪಾಚಿಯ ಹಾಳೆ ನುಂಗಲಾಗದಷ್ಟು ದೊಡ್ಡದು. ನುಂಗಲಾರದ ಭಕ್ಷಕ ಕೋಶ ತನ್ನ ಕರಗಿಸುವ ರಸಗಳನ್ನು ಹೊರಗೇ ಚೆಲ್ಲುತ್ತದೆ. ಅದರಿಂದ ಒಸಡಿನ ನಾರುಗಳೇ ಹಾಳಾಗುತ್ತವೆ. ಕೆಲವು ಬ್ಯಾಕ್ಟೀರಿಯಾಗಳಂತೂ ಈ ಕಾವಲುಗಾರರನ್ನು ದಾರಿ ತಪ್ಪಿಸುವುದರಲ್ಲಿ ನಿಪುಣವಾಗಿವೆ. ಜಗಳ ತಿಂಗಳು, ವರ್ಷಗಟ್ಟಲೆ ಮುಂದುವರಿದರೆ ದೊಡ್ಡ ಭಕ್ಷಕಗಳಾದ ಮ್ಯಾಕ್ರೊಫೇಜ್‌ಗಳು ಮತ್ತಿತರ ಕೋಶಗಳು ಬಂದು ಸೇರುತ್ತವೆ. ಅವುಗಳ ಸಂದೇಶಗಳಿಂದ ಮೂಳೆ ಕರಗಿಸುವ ಕೋಶಗಳು ಎಚ್ಚೆತ್ತುಕೊಂಡು ಹಲ್ಲು ಹಿಡಿದಿರುವ ದವಡೆಯ ಮೂಳೆಯನ್ನು ಸವೆಸುತ್ತವೆ. ಹಲ್ಲು ಅಲುಗಾಡುತ್ತದೆ, ಉದುರುತ್ತದೆ. ಹೀಗೆ ತೀವ್ರ ಒಸಡು ರೋಗವಿರುವವರು ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹೆಚ್ಚು ಕಾಡುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ರಕ್ತ ಬರುವುದು ಕಡಿಮೆಯಾಗಿ, ರೋಗ ಒಳಗೊಳಗೇ ಬೆಳೆಯುತ್ತದೆ. ಹಾಗೆಂದು ಕಾವಲುಗಾರರೇ ಬೇಡವೆನ್ನುವಂತಿಲ್ಲ. ಹುಟ್ಟಿನಿಂದಲೇ ನ್ಯೂಟ್ರೋಫಿಲ್‌ಗಳು ರಕ್ತನಾಳದಿಂದ ಹೊರಬರಲಾಗದ ಅಪರೂಪದ ಕಾಯಿಲೆಯ ಮಕ್ಕಳು ಮತ್ತೆ ಮತ್ತೆ ಸೋಂಕಿಗೆ ತುತ್ತಾಗುತ್ತಾರೆ, ಹಲ್ಲುಗಳನ್ನೂ ಎಳೆಯ ವಯಸ್ಸಿನಲ್ಲೇ ಕಳೆದುಕೊಳ್ಳುತ್ತಾರೆ.

ಭಕ್ಷಕ ಕೋಶಗಳು ಸದಾ ಮಿತ್ರರಲ್ಲ ಎಂಬುದನ್ನು ಮೆಚ್ನಿಕಾಫ್ ಕೂಡ ಮುಂದೆ ಹೇಳಿದರು. ಮುಪ್ಪಿನಲ್ಲಿ ಇದೇ ಕೋಶಗಳು ದೇಹದ ಒಳ್ಳೆಯ ಭಾಗಗಳನ್ನು ತಿನ್ನುತ್ತವೆ, ಕೂದಲು ನರೆಯುವುದೂ ಅವುಗಳಿಂದಲೇ ಎಂಬುದು ಅವರ ವಾದ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ವಿಷ ಇದಕ್ಕೆ ಕಾರಣ, ಹುಳಿ ಹಾಲು ಕುಡಿದರೆ ಆಯುಷ್ಯ ಹೆಚ್ಚುತ್ತದೆ ಎಂದು ನಂಬಿ ತಾವೂ ದಿನಾಲೂ ಕುಡಿದರು, ಹಸಿ ಪದಾರ್ಥಗಳನ್ನು ಬಿಟ್ಟರು. ಯೂರೋಪಿನಲ್ಲಿ ಮೊಸರಿನ ವ್ಯಾಪಾರ ಜೋರಾದದ್ದು ಹೀಗೆ. ಈ ವಾದಗಳಲ್ಲಿ ಬಹಳಷ್ಟು ನಿಲ್ಲಲಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಆರೋಗ್ಯಕ್ಕೂ ನಂಟಿದೆ ಎಂಬ ಮಾತು ಮಾತ್ರ ಈಗ ಮತ್ತೆ ಮುನ್ನೆಲೆಗೆ ಬಂದಿದೆ. 1892ರಲ್ಲಿ ಅವರು ಕಾಲರಾ ರೋಗಾಣುಗಳನ್ನು ತಾವೇ ಕುಡಿದು, ಸ್ವಯಂಸೇವಕರಿಗೂ ಕುಡಿಸಿದ್ದರು. ಅವರಿಗೇನೂ ಆಗಲಿಲ್ಲ, ಆದರೆ ಒಬ್ಬ ಸ್ವಯಂಸೇವಕ ಸಾವಿನ ಬಾಗಿಲು ತಟ್ಟಿ ಬಂದ. ಇಂತಹ ಪ್ರಯೋಗವನ್ನು ಧೈರ್ಯವೆಂದು ಹೊಗಳಲು ನನಗೆ ಮನಸ್ಸಿಲ್ಲ.

1909ರಲ್ಲಿ ರಷ್ಯಾಕ್ಕೆ ಹೋದಾಗ ಅವರು ಸಾಹಿತಿ ಟಾಲ್‌ಸ್ಟಾಯ್ ಅವರನ್ನು ಭೇಟಿಯಾದರು. ನ್ಯಾಯಾಧೀಶರಾಗಿದ್ದ ಮೆಚ್ನಿಕಾಫರ ಅಣ್ಣನ ಸಾವೇ ಟಾಲ್‌ಸ್ಟಾಯ್‌ ಅವರ ಇವಾನ್ ಇಲ್ಯಿಚ್‌ನ ಸಾವು ಎಂಬ ಕಥೆಗೆ ಪ್ರೇರಣೆಯಾಗಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಪ್ರಯೋಗಾಲಯದ ಯುವಕರು ಯುದ್ಧಕ್ಕೆ ಹೋದರು, ಕೆಲಸ ನಿಂತಿತು. ಹೃದಯ ದುರ್ಬಲವಾಗಿದ್ದ ಮೆಚ್ನಿಕಾಫ್ ಅವರನ್ನು ಕೊನೆಯ ದಿನಗಳಲ್ಲಿ ಪಾಶ್ಚರ್ ವಾಸವಾಗಿದ್ದ ಮನೆಗೇ ತಂದು ಉಪಚರಿಸಿದರು. ತಮ್ಮ ರೋಗಲಕ್ಷಣಗಳನ್ನು ತಾವೇ ಗಮನಿಸುತ್ತಿದ್ದ ಅವರು, ಸತ್ತ ಮೇಲೆ ಶವಪರೀಕ್ಷೆ ಮಾಡಿ ಕರುಳನ್ನು ಸರಿಯಾಗಿ ನೋಡಬೇಕೆಂದು ಸಹೋದ್ಯೋಗಿ ವೈದ್ಯರಿಗೆ ಹೇಳಿಟ್ಟಿದ್ದರು. 1916ರ ಜುಲೈಯಲ್ಲಿ, ತಮ್ಮ 71ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ದಹಿಸಲಾಯಿತು. ಚಿತಾಭಸ್ಮದ ಪಾತ್ರೆಯನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ, ಪುಸ್ತಕಗಳ ನಡುವೆ ಇರಿಸಲಾಯಿತು.